ತಿಮಿಂಗಿಲದ ಸಂತತಿ: ಹುಟ್ಟು ನಿಧಾನ, ಸಾವಿಗೆ ದಾರಿ ಹಲವು

(ಅಳವಂಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಅಳವಂಡಿಯ ಎರೆಹೊಲದಲ್ಲಿ ನಿಂತವರಿಗೆ ಕಡಲು ದೂರದ ಮಾತು. ಇಲ್ಲಿ ಬಿದ್ದ ಮಳೆನೀರು ಹಳ್ಳಕೊಳ್ಳ ಹಿಡಿದು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅರಬ್ಬಿ ಸಮುದ್ರದತ್ತ ಹೊರಳಿಯೂ ನೋಡುವುದಿಲ್ಲ. ಆದರೆ ಆ ಮಳೆಯನ್ನು ಹೊತ್ತು ತರುವ ಗಾಳಿ ಅರಬ್ಬಿ ಸಮುದ್ರದ್ದೇ. ಜೂನ್ ಮೊದಲ ವಾರ, ಮಿರಗ ಕೂಡುವ ಹೊತ್ತಿಗೆ, ಕೊಪ್ಪಳ ಸೀಮೆಯ ರೈತ ಪಡುವಣ ಮೋಡ ನೋಡುತ್ತ ನಿಂತಿರುತ್ತಾನೆ. ಅದೇ ದಿನಗಳಲ್ಲಿ ಅದೇ ನೈರುತ್ಯದ ಗಾಳಿ ಒಮಾನ್ ಮತ್ತು ಸೊಮಾಲಿಯಾದ ತೀರಗಳಲ್ಲಿ ಸಮುದ್ರದ ಮೇಲ್ನೀರನ್ನು ದಡದಿಂದಾಚೆ ತಳ್ಳುತ್ತದೆ. ತೆರವಾದ ಜಾಗಕ್ಕೆ ತಳದ ತಣ್ಣೀರು ಮೇಲೇಳುತ್ತದೆ. ಆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳಿವೆ, ಅಂದರೆ ಹೊಲಕ್ಕೆ ಹಾಕುವ ಗೊಬ್ಬರದ ಸಾರವೇ. ಅದನ್ನುಂಡು ಬರಿಗಣ್ಣಿಗೆ ಕಾಣದ ಪಾಚಿ ಹಬ್ಬುತ್ತದೆ. ಪಾಚಿ ತಿಂದು ಸಿಗಡಿಯಂಥ ಕ್ರಿಲ್ ಮತ್ತು ಸಣ್ಣ ಮೀನು ಹೆಚ್ಚುತ್ತವೆ. ಅವನ್ನು ತಿಮಿಂಗಿಲ ಬಾಯ್ತುಂಬ ನುಂಗುತ್ತದೆ. ಇಲ್ಲಿಯ ಜೋಳಕ್ಕೂ ಅಲ್ಲಿಯ ತಿಮಿಂಗಿಲಕ್ಕೂ ಮುಂಗಾರು ಒಂದೇ.

ತಿಮಿಂಗಿಲಗಳ ಸಂಖ್ಯೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಬೇಟೆ. ಅದು ಅರ್ಧ ಉತ್ತರ ಮಾತ್ರ. ವಾಣಿಜ್ಯ ಬೇಟೆಗೆ ಅಂತರರಾಷ್ಟ್ರೀಯ ತಡೆ ಬಿದ್ದು ನಲವತ್ತು ವರ್ಷವಾಗುತ್ತ ಬಂತು. ಆಮೇಲೆ ಕೆಲವು ಕಡಲುಗಳಲ್ಲಿ ತಿಮಿಂಗಿಲ ಮತ್ತೆ ತುಂಬಿಕೊಂಡವು. ಇನ್ನು ಕೆಲವು ಕಡೆ ನೂರರ ಒಳಗೇ ಉಳಿದವು. ಒಂದೇ ಕಾನೂನಿಗೆ ಇಷ್ಟೊಂದು ಬೇರೆ ಬೇರೆ ಫಲ ಹೇಗೆ? ಇದನ್ನು ಬಿಡಿಸಲು ಮೊದಲು ತಿಳಿಯಬೇಕಾದ್ದು ಬಾಣಂತನದ ಲೆಕ್ಕ.

ಆ ಲೆಕ್ಕವನ್ನು ಗಂಗಾವತಿ ತಾಲ್ಲೂಕಿನ ಬಂಕಾಪುರದಿಂದ ಶುರುಮಾಡಬಹುದು. ಅಲ್ಲಿಯ 332 ಎಕರೆ ಕುರುಚಲು ಕಾಡು ತೋಳಗಳ ಧಾಮ. 2025ರಲ್ಲಿ ಅಲ್ಲಿ ಒಂದು ತೋಳ ಒಂದೇ ಸಲಕ್ಕೆ ಎಂಟು ಮರಿ ಹಾಕಿದ್ದು ಪತ್ರಿಕೆಗಳಲ್ಲಿ ಬಂತು. ತೋಳ ಎರಡು ತಿಂಗಳ ಗಬ್ಬ ಮುಗಿಸಿ ಮರಿ ಹಾಕುತ್ತದೆ, ಎರಡು ಮೂರು ವರ್ಷಕ್ಕೆ ಆ ಮರಿಗಳೂ ಮರಿ ಹಾಕುವ ವಯಸ್ಸಿಗೆ ಬರುತ್ತವೆ. ಎಂಟರಲ್ಲಿ ನಾಲ್ಕು ಸತ್ತರೂ ಹಿಂಡು ನಿಲ್ಲುತ್ತದೆ.

ತಿಮಿಂಗಿಲದ ಸಂಸಾರ ಹಾಗಲ್ಲ. ನೀಲಿ ತಿಮಿಂಗಿಲ ಹತ್ತು ಹನ್ನೆರಡು ತಿಂಗಳು ಬಸಿರು ಹೊತ್ತು ಹೆರುವುದು ಒಂದೇ ಮರಿ. ಹುಟ್ಟುವಾಗಲೇ ಅದು ಸುಮಾರು 7 ಮೀಟರ್ ಉದ್ದ, ಎರಡೂವರೆ ಟನ್ ತೂಕ. ದಿನಕ್ಕೆ 200 ಲೀಟರಿನಷ್ಟು ಗಟ್ಟಿ ಹಾಲು ಕುಡಿದು ದಿನಕ್ಕೆ ಸುಮಾರು 90 ಕಿಲೊ ತೂಕ ಏರಿಸಿಕೊಳ್ಳುತ್ತದೆ. ಆರೇಳು ತಿಂಗಳು ಹೀಗೆ ಮೊಲೆಯೂಡಿಸುವ ತಾಯಿ ಆ ಅವಧಿಯಲ್ಲಿ ಬಹುಪಾಲು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಮಾಡುತ್ತದೆ. ಆ ಕೊಬ್ಬು ಮತ್ತೆ ತುಂಬಿಕೊಳ್ಳುವವರೆಗೆ ಇನ್ನೊಂದು ಬಸಿರಿಲ್ಲ. ಹೀಗಾಗಿ ಎರಡು ಮೂರು ವರ್ಷಕ್ಕೊಂದು ಮರಿ. ಸ್ಪರ್ಮ್ ತಿಮಿಂಗಿಲದಲ್ಲಿ ಗಬ್ಬವೇ ಹದಿನಾಲ್ಕು ತಿಂಗಳು ಮೀರುತ್ತದೆ, ಮರಿಯಿಂದ ಮರಿಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ಹುಟ್ಟಿದ ಹೆಣ್ಣು ತಾನು ತಾಯಾಗಲು ಮತ್ತೆ ಎಂಟು ಹತ್ತು ವರ್ಷ ಬೇಕು.

ಇಷ್ಟು ನಿಧಾನದ ಪ್ರಾಣಿ ಕೋಟ್ಯಂತರ ವರ್ಷ ಹೇಗೆ ಬಾಳಿತು? ಬೆಳೆದ ತಿಮಿಂಗಿಲವನ್ನು ಕೊಲ್ಲುವವರು ಇರಲಿಲ್ಲ, ಅಷ್ಟೇ. ಓರ್ಕಾಗಳ ಹಿಂಡು ಮರಿಗಳನ್ನು ಹಿಡಿಯುತ್ತದೆ, ರೋಗ ಕೆಲವನ್ನು ಒಯ್ಯುತ್ತದೆ. ಆದರೆ ಒಮ್ಮೆ ದೊಡ್ಡದಾದ ಹೆಣ್ಣು ಹಲವು ದಶಕ ಬದುಕಿ, ಒಂದೊಂದಾಗಿ ಹತ್ತಾರು ಮರಿ ಹಾಕಿ ಹೋಗುತ್ತಿತ್ತು. ತಿಮಿಂಗಿಲದ ಸಂತತಿ ನಿಂತಿರುವುದು ಬೆಳೆದ ಹೆಣ್ಣಿನ ಆಯಸ್ಸಿನ ಮೇಲೆ. ಮರಿ ಸತ್ತರೆ ಒಂದು ಬಾಣಂತನ ಹಾಳು. ಹದಿನೈದು ವರ್ಷದ ತಾಯಿ ಸತ್ತರೆ ಮುಂದಿನ ಹತ್ತು ಹದಿನೈದು ಮರಿಗಳ ಲೆಕ್ಕವೇ ಮುಗಿಯಿತು. ಮನುಷ್ಯ ಕೈಯಿಟ್ಟದ್ದು ಸರಿಯಾಗಿ ಅಲ್ಲಿಗೇ.

ನಾರ್ವೆಯ ಸ್ವೆಂಡ್ ಫೊಯ್ನ್ 1860ರ ದಶಕದಲ್ಲಿ ಸಿಡಿಮದ್ದಿನ ಈಟಿ ಹಾರಿಸುವ ಫಿರಂಗಿ ರೂಪಿಸಿದ. ಉಗಿಹಡಗು ಬಂದ ಮೇಲೆ ವೇಗದ ನೀಲಿ ತಿಮಿಂಗಿಲವೂ ಕೈಗೆ ಸಿಕ್ಕಿತು. 1904ರಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕನ್‌ನಲ್ಲಿ ಬೇಟೆಯ ಠಾಣೆ ಎದ್ದಿತು. 1925ರಲ್ಲಿ ಲ್ಯಾನ್ಸಿಂಗ್ ಎಂಬ ಹಡಗಿನ ಹಿಂಬದಿಗೆ ಇಳಿಜಾರು ಹಾಕಿ, ಇಡೀ ತಿಮಿಂಗಿಲವನ್ನು ಮೇಲಕ್ಕೆಳೆದು ಸಮುದ್ರದ ನಡುವೆಯೇ ಕೊಯ್ದು ಎಣ್ಣೆ ತೆಗೆಯುವ ಏರ್ಪಾಟಾಯಿತು. ದಡದ ಹಂಗೂ ತಪ್ಪಿತು. 1930-31ರ ಒಂದೇ ಹಂಗಾಮಿನಲ್ಲಿ ಸುಮಾರು 29,000 ನೀಲಿ ತಿಮಿಂಗಿಲ ಸತ್ತವು. ಇಡೀ 20ನೆಯ ಶತಮಾನದ ಲೆಕ್ಕ ಹಾಕಿದವರು ಕೊಟ್ಟಿರುವ ಅಂಕಿ ಸುಮಾರು 29 ಲಕ್ಷ.

ಬೇಟೆಗೆ ಮಿತಿ ಹಾಕಲು ಹೊರಟವರ ಲೆಕ್ಕವೂ ವಿಚಿತ್ರವಾಗಿತ್ತು. 1946ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಹಲವು ವರ್ಷ ಬಳಸಿದ್ದು ‘ನೀಲಿ ತಿಮಿಂಗಿಲ ಘಟಕ’ ಎಂಬ ಅಳತೆ. ಒಂದು ನೀಲಿ ತಿಮಿಂಗಿಲಕ್ಕೆ ಎರಡು ಫಿನ್ ತಿಮಿಂಗಿಲ ಸಮ, ಇಲ್ಲವೇ ಎರಡೂವರೆ ಗೂನು ತಿಮಿಂಗಿಲ (ಹಂಪ್‌ಬ್ಯಾಕ್), ಇಲ್ಲವೇ ಆರು ಸೇಯ್ ತಿಮಿಂಗಿಲ. ಇದು ಎಣ್ಣೆಯ ಅಳತೆ, ಜೀವದ ಅಳತೆಯಲ್ಲ. ಯಾವ ಜಾತಿ ಎಷ್ಟು ಉಳಿದಿದೆ ಎಂಬ ಗೊಡವೆಯೇ ಅದರಲ್ಲಿ ಇರಲಿಲ್ಲ; ನೀಲಿ ತಿಮಿಂಗಿಲ ವಿರಳವಾದ ಮೇಲೂ ಎದುರಿಗೆ ಬಂದದ್ದನ್ನು ಹೊಡೆಯಲು ಅಡ್ಡಿಯಿರಲಿಲ್ಲ. ಅಂಟಾರ್ಕ್ಟಿಕದ ಕಡಲಿನಲ್ಲಿ ಒಂದು ಕಾಲಕ್ಕೆ 2,39,000ದಷ್ಟು ಇದ್ದ ನೀಲಿ ತಿಮಿಂಗಿಲ 1970ರ ದಶಕದ ಆರಂಭಕ್ಕೆ 360ರ ಆಸುಪಾಸಿಗೆ ಇಳಿದವು ಎಂಬುದು ವಿಜ್ಞಾನಿಗಳ ಅಂದಾಜು.

ವಾಣಿಜ್ಯ ಬೇಟೆ ನಿಲ್ಲಿಸುವ ತೀರ್ಮಾನ 1982ರಲ್ಲಿ ಆಯಿತು, 1985-86ರ ಹಂಗಾಮಿನಿಂದ ಜಾರಿಗೆ ಬಂತು. ಭಾರತ ಅದರ ಹಿಂದಿನ ವರ್ಷವಷ್ಟೇ, 1981ರಲ್ಲಿ, ಆಯೋಗದ ಸದಸ್ಯನಾಗಿತ್ತು. ಫಲ ಕೆಲವೆಡೆ ಬೆರಗು ಹುಟ್ಟಿಸುವಂತಿತ್ತು. ಬ್ರೆಜಿಲ್ ಕಡೆಯ ಕಡಲಿನ ಗೂನು ತಿಮಿಂಗಿಲ 450ರಷ್ಟಕ್ಕೆ ಇಳಿದದ್ದು ಈಗ 25,000ದ ಹತ್ತಿರ ಬಂದಿದೆ. ಆಸ್ಟ್ರೇಲಿಯಾದ ಎರಡೂ ಕಡೆಯ ಹಿಂಡುಗಳು ಹಲವು ವರ್ಷ ವರ್ಷಕ್ಕೆ ಶೇ 10ರಂತೆ ಬೆಳೆದವು. ತಿಮಿಂಗಿಲಕ್ಕೆ ಸಾಧ್ಯವಿರುವ ಹೆಚ್ಚಿನ ಬೆಳವಣಿಗೆ ಅದೇ. ಅದಕ್ಕಿಂತ ವೇಗವಾಗಿ ಹೆಚ್ಚಲು ಅದರ ಮೈಯೇ ಬಿಡುವುದಿಲ್ಲ. ಆ ಹಿಂಡುಗಳಿಗೆ ಹೊಟ್ಟೆಗೆ ಕ್ರಿಲ್ ಇತ್ತು, ಹೋಗಿ ಬರುವ ದಾರಿ ಬಹುಮಟ್ಟಿಗೆ ತೆರವಾಗಿತ್ತು, ಹೆಣ್ಣುಗಳು ಮುಪ್ಪಿನವರೆಗೆ ಬದುಕಿದವು.

ಅರಬ್ಬಿ ಸಮುದ್ರದ ಕತೆ ಬೇರೆ. ಕನ್ನಡಿಗರು ತಮ್ಮದೆಂದು ಓದಬೇಕಾದ ಕತೆ ಅದು.

ಜಗತ್ತಿನ ಉಳಿದೆಲ್ಲ ಗೂನು ತಿಮಿಂಗಿಲಗಳು ವಲಸಿಗರು. ಬೇಸಿಗೆಯಲ್ಲಿ ಧ್ರುವದ ಕಡೆಯ ತಣ್ಣನೆ ಕಡಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಚಳಿಗಾಲಕ್ಕೆ ಬೆಚ್ಚನೆ ಕಡಲಿಗೆ ಬಂದು ಮರಿ ಹಾಕುತ್ತವೆ. ಅರಬ್ಬಿ ಸಮುದ್ರದವು ಮಾತ್ರ ವರ್ಷವಿಡೀ ಇಲ್ಲೇ ಇರುತ್ತವೆ. ಬೆಚ್ಚನೆ ಕಡಲಿನಲ್ಲೇ ಅನ್ನ ಸಿಗುವುದು ಮುಂಗಾರಿನ ಕೃಪೆಯಿಂದ. ಸುಮಾರು 70,000 ವರ್ಷಗಳಿಂದ ಇವು ಬೇರೆ ಹಿಂಡುಗಳೊಡನೆ ಬೆರೆತಿಲ್ಲ ಎಂದು ಇವುಗಳ ಡಿಎನ್‌ಎ ಹೇಳುತ್ತದೆ. ಹೊರಗಿನಿಂದ ಸೊಸೆ ತರುವಂತಿಲ್ಲ, ಮಗಳನ್ನು ಹೊರಗೆ ಕೊಡುವಂತಿಲ್ಲ. ಇದ್ದವರಲ್ಲೇ ವಂಶ ನಡೆಯಬೇಕು.

1966ರ ನವೆಂಬರ್‌ನಲ್ಲಿ ಈ ಪುಟ್ಟ ವಂಶದ ಮೇಲೆ ಎರಗಿದ್ದು ಸೋವಿಯತ್ ಒಕ್ಕೂಟದ ಹಡಗುಗಳು. ‘ಸ್ಲಾವಾ’ ಮತ್ತು ‘ಸೋವೆತ್‌ಸ್ಕಾಯಾ ಉಕ್ರೈನಾ’ ಎಂಬ ಎರಡು ಬೇಟೆ ದಂಡುಗಳು ಅಂಟಾರ್ಕ್ಟಿಕಕ್ಕೆ ಹೋಗುವ ದಾರಿಯಲ್ಲಿ ಅರಬ್ಬಿ ಸಮುದ್ರಕ್ಕೆ ಹೊಕ್ಕವು. ಒಮಾನ್, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ತೀರದ ಎದುರು ಕೆಲವೇ ದಿನಗಳಲ್ಲಿ ಅವು ಹೊಡೆದದ್ದು 238 ಗೂನು ತಿಮಿಂಗಿಲ. ಅದರ ಹಿಂದಿನ ವರ್ಷದ ನಾಲ್ಕು ಸೇರಿದರೆ 242. ಸೋವಿಯತ್ ಯೋಜನೆಯಲ್ಲಿ ಬೇಟೆಗೂ ಗುರಿ ಇತ್ತು. ಗುರಿ ಮುಟ್ಟಿದವರಿಗೆ ಬೋನಸ್ ಸಿಗುತ್ತಿತ್ತು. ಆಯೋಗಕ್ಕೆ ಸಲ್ಲುತ್ತಿದ್ದ ವರದಿಯೇ ಬೇರೆ. ದಕ್ಷಿಣ ಗೋಳಾರ್ಧದಲ್ಲಿ ಸೋವಿಯತ್ ಹಡಗುಗಳು ಕೊಂದ ಗೂನು ತಿಮಿಂಗಿಲ 2,710 ಎಂದು ಕಾಗದದಲ್ಲಿತ್ತು. ನಿಜವಾಗಿ ಕೊಂದದ್ದು 48,000ಕ್ಕೂ ಹೆಚ್ಚು. 1993ರಲ್ಲಿ ಅಲೆಕ್ಸಿ ಯಾಬ್ಲೊಕೊವ್ ಈ ಸುಳ್ಳನ್ನು ಹೊರಗೆಡಹಿದರು. ಅದೇ ಹಡಗುಗಳಲ್ಲಿ ಕೆಲಸ ಮಾಡಿದ್ದ ಯೂರಿ ಮಿಖಲೇವ್ ಅರಬ್ಬಿ ಸಮುದ್ರದ ಲೆಕ್ಕವನ್ನು ಪ್ರಕಟಿಸಿದರು.

ಮಿಖಲೇವ್ ಬರಹದಲ್ಲಿ ಓದುವವರ ಕೈ ತಡೆದು ನಿಲ್ಲಿಸುವ ಭಾಗವೊಂದಿದೆ. ಹಡಗಿನ ಮೇಲೆ ಕೊಯ್ದ ಹೆಣ್ಣುಗಳ ಹೊಟ್ಟೆಯೊಳಗಿನ ಭ್ರೂಣಗಳನ್ನು ಅವರು ಅಳೆದಿದ್ದರು. ಆ ಅಳತೆಗಳಿಂದಲೇ ಈ ಹಿಂಡು ದಕ್ಷಿಣ ಗೋಳಾರ್ಧದ್ದಲ್ಲ, ಉತ್ತರದ ಋತುಮಾನಕ್ಕೆ ಮರಿ ಹಾಕುತ್ತದೆ ಎಂದು ಗೊತ್ತಾದದ್ದು. ಜಠರದಲ್ಲಿ ಕ್ರಿಲ್ ಜೊತೆ ಮೀನು ಸಿಕ್ಕಿದ್ದರಿಂದ ಇವು ಇಲ್ಲೇ ಮೇಯುತ್ತವೆ ಎಂದೂ ತಿಳಿಯಿತು. ವಿಜ್ಞಾನಕ್ಕೆ ಈ ಹಿಂಡಿನ ಜೀವನಕ್ರಮ ತಿಳಿದದ್ದು, ಅದನ್ನು ಮುಗಿಸುತ್ತಿದ್ದ ಕೈಗಳಿಂದಲೇ.

ಈಗ ಎಷ್ಟಿವೆ? ಒಮಾನ್ ತೀರದಲ್ಲಿ ಬಾಲದ ಫೋಟೊ ತೆಗೆದು ಎಣಿಸಿದವರು 2011ರಲ್ಲಿ ಕೊಟ್ಟ ಅಂದಾಜು 82. ಗೂನು ತಿಮಿಂಗಿಲದ ಬಾಲದ ಅಡಿಯ ಕಪ್ಪು ಬಿಳುಪಿನ ಚಿತ್ತಾರ ಒಂದರದ್ದು ಇನ್ನೊಂದಕ್ಕಿರುವುದಿಲ್ಲ, ಹಾಗಾಗಿ ಒಂದೊಂದನ್ನೂ ಗುರುತು ಹಿಡಿದು ಎಣಿಸಬಹುದು. 82ರಲ್ಲಿ ಅರ್ಧ ಹೆಣ್ಣು, ಅದರಲ್ಲಿ ಅರ್ಧ ಬೆಳೆದವು ಎಂದಿಟ್ಟುಕೊಂಡರೆ ತಾಯಂದಿರು ಇಪ್ಪತ್ತರ ಆಸುಪಾಸು. ಎರಡು ಮೂರು ವರ್ಷಕ್ಕೊಂದು ಮರಿಯಂತೆ ವರ್ಷಕ್ಕೆ ಹೆಚ್ಚೆಂದರೆ ಏಳರಿಂದ ಹತ್ತು ಮರಿ. ಅದರಲ್ಲಿ ಬದುಕುಳಿಯದವು ಎಷ್ಟೋ, ಮುದಿಯಾಗಿ ಸಾಯುವ ದೊಡ್ಡವು ಎಷ್ಟೋ. ಇಂಥ ಹಿಂಡಿನಲ್ಲಿ ವರ್ಷಕ್ಕೆ ಎರಡು ಹೆಣ್ಣು ಬಲೆಗೆ ಸಿಕ್ಕಿ ಸತ್ತರೂ ಬೆಳವಣಿಗೆ ನಿಂತುಹೋಗುತ್ತದೆ. ಬ್ರೆಜಿಲ್ ಕಡೆಯ 25,000ದಲ್ಲಿ ಎರಡು ಸತ್ತರೆ ಯಾರ ಲೆಕ್ಕಕ್ಕೂ ಬಾರದು. ಕಡಿಮೆ ಇರುವುದೇ ಒಂದು ಅಪಾಯ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಈ ಹಿಂಡು ಒಮಾನಿನದು, ನಮ್ಮದಲ್ಲ ಎನ್ನುವಂತಿಲ್ಲ. 2017ರ ನವೆಂಬರ್‌ನಲ್ಲಿ ಒಮಾನ್ ತೀರದಲ್ಲಿ ಒಂದು ಹೆಣ್ಣಿಗೆ ಉಪಗ್ರಹ ಟ್ಯಾಗ್ ಹಾಕಿದರು. ಅದರ ಬಾಲದ ಮೇಲೆ ಧೂಪದ ಮರದಂಥ ಗುರುತಿದ್ದುದರಿಂದ ಅರಬ್ಬಿಯಲ್ಲಿ ಧೂಪವೆಂದೇ, ‘ಲುಬಾನ್’ ಎಂದು, ಹೆಸರಿಟ್ಟರು. ಲುಬಾನ್ ನೇರ ಪೂರ್ವಕ್ಕೆ ಹೊರಟು ಅರಬ್ಬಿ ಸಮುದ್ರ ದಾಟಿತು. ಗೋವಾದ ಎದುರಿನ ಕಡಲಿಗೆ ಬಂದು, ದಕ್ಷಿಣಕ್ಕೆ ಹೊರಳಿ ಕನ್ಯಾಕುಮಾರಿಯ ಕಡೆಗೆ ಸಾಗಿ, ಮತ್ತೆ ಒಮಾನಿಗೆ ಮರಳಿತು. ಗೋವಾ ಮತ್ತು ಕೇರಳದ ನಡುವೆ ಇರುವುದು ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರು. ಭಾರತ ಸರ್ಕಾರ ಈ ಹಿಂಡನ್ನು ಅಳಿವಿನಂಚಿನ ಜೀವಿಗಳ ಚೇತರಿಕೆ ಕಾರ್ಯಕ್ರಮಕ್ಕೆ ಸೇರಿಸಿದ್ದು ಇದರ ನಂತರ, 2018ರಲ್ಲಿ.

ಕರ್ನಾಟಕದ ಕಡಲಿನಲ್ಲಿ ಇದಕ್ಕಿಂತ ಹೆಚ್ಚು ಕಾಣುವುದು ಬ್ರೂಡ್ಸ್ ತಿಮಿಂಗಿಲ. ಹನ್ನೆರಡು ಹದಿಮೂರು ಮೀಟರ್ ಉದ್ದದ, ಧ್ರುವಕ್ಕೆ ವಲಸೆ ಹೋಗದೆ ಬಿಸಿ ಕಡಲಿನಲ್ಲೇ ಇರುವ ತಿಮಿಂಗಿಲ ಅದು. ಮಂಗಳೂರಿನವರು ಬೂತಾಯಿ ಎನ್ನುವ, ಉತ್ತರ ಕನ್ನಡದವರು ತಾರ್ಲೆ ಎನ್ನುವ ಸಣ್ಣ ಮೀನಿನ ಹಿಂಡುಗಳ ಬೆನ್ನುಹತ್ತಿ ದಡದ ಹತ್ತಿರಕ್ಕೂ ಬರುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದ ತೀರಕ್ಕೆ ತಿಮಿಂಗಿಲ ಬಂದು ಬೀಳುವ ಪ್ರಮಾಣ 2004-2013ಕ್ಕೆ ಹೋಲಿಸಿದರೆ 2014-2023ರಲ್ಲಿ ಸುಮಾರು ಹತ್ತು ಪಟ್ಟಾಗಿದೆ. 2023ರಲ್ಲೇ ಒಂಬತ್ತು. ಹೆಚ್ಚಿನವು ಬ್ರೂಡ್ಸ್, ಹೆಚ್ಚು ಬೀಳುವುದು ಕೇರಳ, ಕರ್ನಾಟಕ, ಗೋವಾ ತೀರದಲ್ಲಿ, ತಿಂಗಳು ಆಗಸ್ಟ್‌ನಿಂದ ನವೆಂಬರ್.

ಈ ಹತ್ತು ಪಟ್ಟನ್ನು ಓದುವಾಗ ಸ್ವಲ್ಪ ತಾಳ್ಮೆ ಬೇಕು. 2004ರಲ್ಲಿ ಹೊನ್ನಾವರದ ಯಾವುದೋ ನಿರ್ಜನ ಕಿನಾರೆಗೆ ಹೆಣ ಬಿದ್ದರೆ ನಾಯಿ, ಹದ್ದು ತಿಂದು ಮುಗಿಸುತ್ತಿದ್ದವು. ಇವತ್ತು ಗಂಟೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಏರಿಕೆಯ ಒಂದು ಪಾಲು ಮೊಬೈಲ್ ಕ್ಯಾಮೆರಾದ್ದು. ಮುಂಗಾರಿನ ಅಲೆ, ಪ್ರವಾಹ ಹೆಣಗಳನ್ನು ದಡದತ್ತ ತಳ್ಳುವುದೂ ಆಗಸ್ಟ್‌ನಿಂದಾಚೆಯ ಆ ತಿಂಗಳುಗಳಲ್ಲೇ. ಆದರೂ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಪಡುವಣ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆಗಸ್ಟ್ ಬಂತೆಂದರೆ ಮಲ್ಪೆ, ಮಂಗಳೂರು, ಕಾರವಾರದ ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿಯುತ್ತವೆ. ಬೂತಾಯಿ ಎಲ್ಲಿದೆಯೋ ಅಲ್ಲಿ ಬೋಟು, ಅಲ್ಲೇ ತಿಮಿಂಗಿಲ.

1970ರ ದಶಕದವರೆಗೆ ಕನ್ನಡ ಕರಾವಳಿಯ ದೊಡ್ಡ ಬಲೆ ರಾಂಪಣಿ. ಇಡೀ ಊರು ದಡದಲ್ಲಿ ನಿಂತು ಎಳೆಯುತ್ತಿತ್ತು. ಮೀನು ದಡಕ್ಕೆ ಬಂದರೆ ಮಾತ್ರ ಹಿಡಿ. ಆ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ರಾಂಪಣಿಯನ್ನು ಮೂಲೆಗೆ ಸೇರಿಸಿದವು. ಬಲೆ ಮೀನನ್ನು ಹುಡುಕಿಕೊಂಡು ಆಳಕ್ಕೆ ಹೋಯಿತು. ತಿಮಿಂಗಿಲಕ್ಕೆ ಹೆಚ್ಚು ಅಪಾಯ ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟ ನೈಲಾನ್ ಬಲೆಗಳಿಂದ, ಮತ್ತು ಹರಿದು ಕಡಲಿಗೇ ಬಿಟ್ಟ ಬಲೆಯ ತುಂಡುಗಳಿಂದ. ಒಮಾನಿನ ಗೂನು ತಿಮಿಂಗಿಲಗಳ ಬಾಲದ ಬುಡ ನೋಡಿದಾಗ ಶೇ 30ರಿಂದ 40ರಷ್ಟರಲ್ಲಿ ಬಲೆಗೆ ಸಿಕ್ಕಿ ಬಿಡಿಸಿಕೊಂಡ ಗಾಯದ ಗೆರೆಗಳು ಕಂಡವು. ಅವು ಬಿಡಿಸಿಕೊಂಡವು. ಬಿಡಿಸಿಕೊಳ್ಳದವು ಫೋಟೊಗೆ ಸಿಗುವುದಿಲ್ಲ.

ಬಲೆ ಕೊಲ್ಲದಿದ್ದರೂ ಬಸಿರನ್ನು ತಡೆಯುತ್ತದೆ ಎಂಬುದು ಅಮೆರಿಕ, ಕೆನಡಾ ಕಡೆಯ ರೈಟ್ ತಿಮಿಂಗಿಲದ ಅಧ್ಯಯನದಿಂದ ಗೊತ್ತಾಗಿದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಉಳಿದಿರುವುದು 380ರ ಆಸುಪಾಸು. ಮರಿ ಹಾಕಬಲ್ಲ ಹೆಣ್ಣು 70ರಷ್ಟು. ಶೇ 80ಕ್ಕೂ ಹೆಚ್ಚು ಒಮ್ಮೆಯಾದರೂ ಏಡಿ, ನಳ್ಳಿ ಹಿಡಿಯುವವರ ಹಗ್ಗಕ್ಕೆ ಸಿಲುಕಿವೆ. ಹಗ್ಗ, ಬೋನುಗಳನ್ನು ತಿಂಗಳುಗಟ್ಟಲೆ ಎಳೆದುಕೊಂಡು ಈಜುವ ಹೆಣ್ಣು ಮರಿಗಾಗಿ ಕೂಡಿಟ್ಟ ಕೊಬ್ಬನ್ನು ಅದಕ್ಕೇ ಸವೆಸುತ್ತದೆ. ಮೂರ್ನಾಲ್ಕು ವರ್ಷಕ್ಕೊಂದು ಇದ್ದ ಹೆರಿಗೆ ಏಳು ಎಂಟು ವರ್ಷಕ್ಕೆ ಹಿಗ್ಗಿದೆ. ಈಗ ಹುಟ್ಟುವ ತಿಮಿಂಗಿಲ ಬೆಳೆದು ನಿಂತರೂ ನಲವತ್ತು ವರ್ಷ ಹಿಂದಿನವಕ್ಕಿಂತ ಸುಮಾರು ಒಂದು ಮೀಟರ್ ಗಿಡ್ಡ. ಬೇಟೆ ನಿಂತು ಇಷ್ಟು ಕಾಲವಾದರೂ ಈ ಜಾತಿ ಏಳಲಿಲ್ಲವೇಕೆ ಎಂಬುದಕ್ಕೆ ಇದು ಒಂದು ದೊಡ್ಡ ಕಾರಣ. 2017ರ ಒಂದೇ ವರ್ಷ ಹದಿನೇಳು ಸತ್ತವು.

ಅವುಗಳಲ್ಲಿ ಹಲವು ಹಡಗಿನ ಪೆಟ್ಟಿಗೆ ಬಲಿಯಾದವು. ಇಲ್ಲಿ ಎಲ್ಲವೂ ವೇಗದ ಮೇಲೆ ನಿಂತಿದೆ. 15 ನಾಟ್, ಅಂದರೆ ಗಂಟೆಗೆ 28 ಕಿಲೊಮೀಟರ್ ವೇಗದ ಹಡಗು ಬಡಿದರೆ ತಿಮಿಂಗಿಲ ಸಾಯುವ ಸಂಭವ ಶೇ 80ರ ಹತ್ತಿರ, 8.6 ನಾಟ್‌ಗೆ, ಟ್ರ್ಯಾಕ್ಟರಿನ ವೇಗಕ್ಕೆ ಇಳಿದರೆ ಶೇ 20ರಷ್ಟು. ಕೊಲ್ಲಿ ದೇಶಗಳಿಂದ ಎಣ್ಣೆ ಹೊತ್ತು ಪೂರ್ವಕ್ಕೆ ಹೋಗುವ ಹಡಗುಗಳು ಅರಬ್ಬಿ ಸಮುದ್ರ ದಾಟಿ, ಶ್ರೀಲಂಕಾದ ದಕ್ಷಿಣ ತುದಿಯ ಮಿರಿಸ್ಸಾ ಎದುರು, ನೀಲಿ ತಿಮಿಂಗಿಲಗಳು ಮೇಯುವ ಜಾಗದಲ್ಲೇ ಹಾದುಹೋಗುತ್ತವೆ. 2022ರಲ್ಲಿ ಎಂಎಸ್‌ಸಿ ಎಂಬ ಹಡಗು ಕಂಪನಿ ತನ್ನ ಹಡಗುಗಳನ್ನು ಸುಮಾರು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿತು. ದೊಡ್ಡ ಹಡಗಿನವರಿಗೆ ಅದು ಅರ್ಧ ದಿನದ ಖರ್ಚೂ ಅಲ್ಲ. ಎಲ್ಲರೂ ಮಾಡಬಹುದು, ಮಾಡಿಲ್ಲ.

ಹಡಗಿನ ಪೆಟ್ಟು ಒಮ್ಮೆ ಬೀಳುವುದು; ಅದರ ಸದ್ದು ದಿನವಿಡೀ. ನೀರಿನಲ್ಲಿ ಬೆಳಕು ದೂರ ಹೋಗದು, ಧ್ವನಿ ಹೋಗುತ್ತದೆ. ತಿಮಿಂಗಿಲ ಜೋಡಿ ಹುಡುಕುವುದು, ಮರಿಯ ಜೊತೆ ನಂಟಿಟ್ಟುಕೊಳ್ಳುವುದು ಧ್ವನಿಯಿಂದ. ಸದ್ದಿನಿಂದ ಅದಕ್ಕೆ ಏನಾಗುತ್ತದೆ ಎಂದು ತೋರಿಸಿದ್ದು ಒಂದು ದುರಂತ. 2001ರ ಸೆಪ್ಟೆಂಬರ್ 11ರ ನ್ಯೂಯಾರ್ಕ್ ದಾಳಿಯ ನಂತರ ಕೆಲ ದಿನ ಹಡಗು ಸಂಚಾರ ಇಳಿಯಿತು. ಆಗ ಕೆನಡಾದ ಫಂಡಿ ಕೊಲ್ಲಿಯಲ್ಲಿ ರೊಸಲಿಂಡ್ ರೋಲಂಡ್ ಮತ್ತು ಸಂಗಡಿಗರು ರೈಟ್ ತಿಮಿಂಗಿಲಗಳ ಮಲ ಸಂಗ್ರಹಿಸುತ್ತಿದ್ದರು. ಈ ಕೆಲಸಕ್ಕೆ ಅವರು ದೋಣಿಯ ಮೇಲೆ ಮೂಸುವ ನಾಯಿಗಳನ್ನೂ ಬಳಸಿದವರು. ಕಡಲಿನ ಸದ್ದು 6 ಡೆಸಿಬೆಲ್ ಇಳಿದ ಆ ದಿನಗಳ ಮಲದಲ್ಲಿ ಒತ್ತಡದ ಹಾರ್ಮೋನು ಕಡಿಮೆ ಇತ್ತು. ಹಡಗುಗಳು ಮರಳಿದ ಮೇಲೆ ಮತ್ತೆ ಏರಿತು.

ಇದಕ್ಕಿಂತ ಹಳೆಯ ದಾಖಲೆ ತಿಮಿಂಗಿಲದ ಕಿವಿಯಲ್ಲೇ ಇದೆ. ಅದರ ಕಿವಿಗುಗ್ಗೆ ಹೊರಗೆ ಬರುವುದಿಲ್ಲ. ಹುಟ್ಟಿದಂದಿನಿಂದ ಸಾಯುವವರೆಗೆ ಒಳಗೇ ಬೆಳೆದು ಮೊಳದುದ್ದದ ಬೆಣೆಯಾಗಬಹುದು. ಆರು ತಿಂಗಳು ತಿಳಿ ಪದರ, ಆರು ತಿಂಗಳು ಕಪ್ಪು ಪದರ. ಆ ಪದರಗಳಲ್ಲಿ ಆಯಾ ವರ್ಷದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸಿಕ್ಕಿಕೊಂಡಿರುತ್ತದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ವಸ್ತು ಸಂಗ್ರಹಾಲಯಗಳಲ್ಲಿ ಧೂಳು ಹಿಡಿದಿದ್ದ ಇಂಥ ಗುಗ್ಗೆಗಳನ್ನು ತೆಗೆದು 1870ರಿಂದ 2016ರವರೆಗಿನ ಒತ್ತಡದ ಗೆರೆ ಎಳೆದು 2018ರಲ್ಲಿ ಪ್ರಕಟಿಸಿದರು. ಬೇಟೆ ಏರಿದಾಗ ಒತ್ತಡ ಏರಿದೆ, 1960ರ ದಶಕದಲ್ಲಿ ತುದಿ ಮುಟ್ಟಿದೆ, ಬೇಟೆ ಇಳಿದಂತೆ ಇಳಿದಿದೆ. ಅಲ್ಲಿಗೆ ಆಶ್ಚರ್ಯವಿಲ್ಲ. ಆದರೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೇಟೆ ಬಹುತೇಕ ನಿಂತಿದ್ದರೂ ಒತ್ತಡ ಏರಿದೆ: ಯುದ್ಧನೌಕೆ, ಜಲಾಂತರ್ಗಾಮಿ, ಸ್ಫೋಟ. ಈಚಿನ ದಶಕಗಳಲ್ಲಿ ಕಡಲಿನ ಬಿಸಿ ಹೆಚ್ಚಿದಂತೆ ಮತ್ತೆ ಏರುತ್ತಿದೆ.

ಕಡಲಿನ ಬಿಸಿ ಎಂದೊಡನೆ ಮಾತು ಮತ್ತೆ ಅನ್ನಕ್ಕೆ ಬರುತ್ತದೆ. ಮೇಲ್ನೀರು ಬಿಸಿಯಾದಷ್ಟೂ ತಳದ ತಣ್ಣೀರು ಮೇಲೆ ಬರುವುದು ಕಷ್ಟ, ಗೊಬ್ಬರ ಕೆಳಗೇ ಉಳಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯಪ್ಲವಕ, ಅಂದರೆ ಬರಿಗಣ್ಣಿಗೆ ಕಾಣದ ಆ ಪಾಚಿ, ಶೇ 20ರವರೆಗೂ ಕುಸಿದಿದೆ. ಪಾಚಿಯ ಜಾತಿಯೂ ಬದಲಾಗುತ್ತಿದೆ. 2020ರ ನವೆಂಬರ್ ಹೊತ್ತಿಗೆ ಮಂಗಳೂರು, ಉಡುಪಿ ಕಡೆಯ ಕಿನಾರೆಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದದ್ದನ್ನು ಜನ ಮುಗಿಬಿದ್ದು ನೋಡಿದರು. ಹೊಳೆಯುವ ಆ ಜೀವಿ ನಾಕ್ಟಿಲೂಕ. ಅರಬ್ಬಿ ಸಮುದ್ರದಲ್ಲಿ ಚಳಿಗಾಲಕ್ಕೆ ಅದು ಹಬ್ಬಿ, ಮೀನಿನ ಆಹಾರಸರಪಳಿಯ ಬುಡದಲ್ಲಿದ್ದ ಡಯಾಟಮ್ ಎಂಬ ಪಾಚಿಗಳ ಜಾಗ ಹಿಡಿಯುತ್ತಿದೆ ಎಂದು ಗೋವಾ ಮೂಲದ ವಿಜ್ಞಾನಿ ಜೋಕಿಂ ಗೋಯಸ್ ಬಹಳ ಕಾಲದಿಂದ ಹೇಳುತ್ತಿದ್ದಾರೆ. ಕ್ರಿಲ್ ಆಗಲಿ ಮೀನಾಗಲಿ ಅದನ್ನು ಹೆಚ್ಚು ತಿನ್ನುವುದಿಲ್ಲ.

ಹಸಿವು ಎಷ್ಟು ಬೇಗ ಕೊಲ್ಲುತ್ತದೆ ಎಂಬುದಕ್ಕೆ ಪೆಸಿಫಿಕ್‌ನ ಬೂದು ತಿಮಿಂಗಿಲ ಸಾಕ್ಷಿ. ಬೇಟೆಯಿಂದ ಸಂಪೂರ್ಣ ಚೇತರಿಸಿಕೊಂಡ ಜಾತಿ ಎಂದು ಹೊಗಳಿಸಿಕೊಂಡಿದ್ದ ಅದು 2016ರಲ್ಲಿ ಸುಮಾರು 27,000 ಇತ್ತು. ಆರ್ಕ್ಟಿಕ್‌ನ ಹಿಮ ಕರಗಿ ತಳದ ಆಹಾರ ಕಡಿಮೆಯಾಗುತ್ತಿದ್ದಂತೆ ಬಡಕಲಾದ ಹೆಣಗಳು ದಡಕ್ಕೆ ಬೀಳತೊಡಗಿದವು. 2023ರ ಹೊತ್ತಿಗೆ 14,500ರಷ್ಟು ಉಳಿದವು. ವಾಣಿಜ್ಯ ಬೇಟೆ ಇಲ್ಲ, ಆದರೂ ಹೆಚ್ಚುಕಡಿಮೆ ಅರ್ಧ ಹಿಂಡು ಹೋಯಿತು. ಆ ತಿಮಿಂಗಿಲಗಳಿಗೆ ಕನಿಷ್ಠ ಬೇರೆ ಕಡೆ ಮೇವು ಹುಡುಕಲು ಇಡೀ ಪೆಸಿಫಿಕ್ ಇದೆ. ಅರಬ್ಬಿ ಸಮುದ್ರದ ಹಿಂಡಿಗೆ ಉತ್ತರಕ್ಕೆ ಏಷ್ಯಾ ಖಂಡವೇ ಗೋಡೆ.

ತಿಮಿಂಗಿಲ ಎಂದರೆ ಹಲವರಿಗೆ ನೆನಪಾಗುವ ಅಂಬರ್‌ಗ್ರೀಸ್ ವಿಚಾರ ಸ್ವಲ್ಪದರಲ್ಲಿ ಮುಗಿಸಬಹುದು. ‘ತಿಮಿಂಗಿಲದ ವಾಂತಿ’ ಎಂದು ಪತ್ರಿಕೆಗಳು ಬರೆಯುವ ಅದು ಸ್ಪರ್ಮ್ ತಿಮಿಂಗಿಲದ ಕರುಳಲ್ಲಿ ಹುಟ್ಟುವ ಗಡ್ಡೆ. 2021ರಲ್ಲಿ ಮುರ್ಡೇಶ್ವರದ ಕಿನಾರೆಯಲ್ಲಿ ಸಿಕ್ಕ ತುಂಡನ್ನು ಮೀನುಗಾರರೊಬ್ಬರು ಅರಣ್ಯ ಇಲಾಖೆಗೆ ಒಪ್ಪಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಮಾರಲು ಹೊರಟವರು ಪೊಲೀಸರ ಕೈಗೆ ಸಿಕ್ಕರು. ಕೋಟಿಯ ಬೆಲೆ ಕೇಳಿ ಬಾಯಿ ಬಿಡುವ ಸುದ್ದಿಗಳ ನಡುವೆ ಬಲೆ, ಹಡಗಿನ ಸುದ್ದಿಗೆ ಜಾಗವೇ ಉಳಿಯುವುದಿಲ್ಲ ಎಂಬುದೇ ದೊಡ್ಡ ನಷ್ಟ.

ಕರ್ನಾಟಕದಿಂದ ಆಗಬಹುದಾದದ್ದು ಬೆಟ್ಟದಷ್ಟಿಲ್ಲ. ಬಲೆಗೆ ತಿಮಿಂಗಿಲ ಸಿಕ್ಕಾಗ ಬಲೆ ಕತ್ತರಿಸಿ ಅದನ್ನು ಬಿಡುವ ಮೀನುಗಾರನಿಗೆ ಬಲೆಯ ಬೆಲೆ ಕೂಡಲೇ ಸಿಗಬೇಕು. ಲಕ್ಷಗಟ್ಟಲೆ ಬೆಲೆಯ ಬಲೆ ಕಳೆದುಕೊಂಡವನಿಗೆ ಬರೀ ಶಹಬ್ಬಾಸ್‌ಗಿರಿಯಿಂದ ಹೊಟ್ಟೆ ತುಂಬದು. ಹರಿದ ಬಲೆಯನ್ನು ಬಂದರಿನಲ್ಲೇ ಕೊಳ್ಳುವ ವ್ಯವಸ್ಥೆ ಬೇಕು. ದಡಕ್ಕೆ ಬಿದ್ದ ಪ್ರತಿ ಹೆಣವನ್ನೂ ಹೂಳುವ ಮುಂಚೆ ಪಶುವೈದ್ಯರು ಕೊಯ್ದು ನೋಡಬೇಕು. ಕೇಂದ್ರದ ಪರಿಸರ ಸಚಿವಾಲಯ 2021ರ ಜನವರಿಯಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಸತ್ತದ್ದು ಹೇಗೆ ಎಂದು ಗೊತ್ತಾಗದೆ ಜೆಸಿಬಿ ತಂದು ಮಣ್ಣು ಮಾಡಿದರೆ ಆ ಸಾವು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಅಳವಂಡಿ, ಕೊಪ್ಪಳ, ಯಲಬುರ್ಗಾದಿಂದ ರಜೆಗೆ ಮುರ್ಡೇಶ್ವರಕ್ಕೆ, ಗೋಕರ್ಣಕ್ಕೆ ಹೋಗುವವರು ಕಡಿಮೆಯಿಲ್ಲ. ಅಲ್ಲಿ ದಡದ ಮೇಲೆ ತಿಮಿಂಗಿಲ ಕಂಡರೆ ಮೇಲೆ ಹತ್ತಿ ಸೆಲ್ಫಿ ತೆಗೆಯಬೇಡಿ. ಬಾಲ ಹಿಡಿದು ಎಳೆಯಲು ಯಾರನ್ನೂ ಬಿಡಬೇಡಿ. ಜೀವವಿದ್ದರೆ ಮೈ ಒಣಗದಂತೆ ಒದ್ದೆ ಬಟ್ಟೆ ಹಾಕಿ, ತಲೆಯ ಮೇಲಿನ ಉಸಿರುರಂಧ್ರಕ್ಕೆ ನೀರು, ಮರಳು ಹೋಗದಂತೆ ನೋಡಿಕೊಂಡು, ತಡಮಾಡದೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಸತ್ತಿದ್ದರೂ ತಿಳಿಸಿ. ದೂರ ನಿಂತು ಬಾಲದ ಅಡಿಭಾಗದ, ಮೈಮೇಲಿನ ಹಗ್ಗ ಅಥವಾ ಬಲೆಯ ಗುರುತಿನ ಫೋಟೊ ತೆಗೆದು, ಜಾಗ ಮತ್ತು ದಿನಾಂಕ ಬರೆದು ಅವರಿಗೆ ಕೊಡಿ.